ಗುಂಡಿ ಮಾತ್ರ ನನ್ನಿಷ್ಟ

ಅರಸೀಕೆರೆಯಲ್ಲಿ, ಕಾಯಿ ಮಂಡಿಯ ಮಹಡಿ ಮೇಲೆ,
ರೈಲ್ವೆ ಇನ್‌ಸ್ಟಿಟ್ಯೂಟು ಹರಾಜು ಹಾಕಿದ ಮೇಜೊಂದಿದೆ.
ಅದರ ಮಾರ್ಕರ್ ನಾನು. ಹಲಗೆಯ ಒಂದು ಬದಿ ನೀನು,
ಇನ್ನೊಂದು ಬದಿ ಅವನು,
ನಡುವಿನ ಗೆರೆ ನನ್ನ ಸಂಬಳ.

ಈ ಆಟಕ್ಕೆ ಆರು ಗುಂಡಿಗಳಲ್ಲಿ ನಾಲ್ಕು ಬರೀ ಅಲಂಕಾರ.
ಬುಡದ ಎರಡು ಮೂಲೆಗೇ ಬೆಲೆ:
ಒಂದು ನಿನ್ನದು, ಒಂದು ಎದುರಾಳಿಯದು.
ಹದಿನೈದರಲ್ಲಿ ಎಂಟು ಮೊದಲು ತುಂಬಿದವ ಗೆದ್ದ.
ಬೇರೆ ಕಡೆ ಬಿದ್ದದ್ದು ಮತ್ತೆ ಮೇಜಿಗೆ,
ವಿಳಾಸ ತಪ್ಪಿದ ಟಪಾಲಿನಂತೆ.

ಹೊಸಬರು ಬರುತ್ತಾರೆ. ಮೊದಲ ಹೊಡೆತಕ್ಕೇ
ಈಡುಗಾಯಿ ಒಡೆದಂತೆ ಒಡೆಯುತ್ತಾರೆ.
ಒಡೆದವನು ಒಬ್ಬ, ಚೂರು ಆಯ್ದುಕೊಳ್ಳುವವ ಇನ್ನೊಬ್ಬ.
ಒಡೆಯಬಾರದಯ್ಯ ಇದನ್ನ.
ಉಂಡೆ ಕೊಬ್ಬರಿ ಬಿಡಿಸಬೇಕು:
ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿ
ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನುತ್ತದಲ್ಲ,
ಚಿಪ್ಪು ಹೋಗಬೇಕು, ತಿರುಳಿಗೆ ಗಾಯವಾಗಕೂಡದು.
ತುದಿಯ ಚೆಂಡನ್ನು ತುಸುವೇ ಸವರಿ, ಎರಡನೆಯದಕ್ಕೆ ತಾಗಿ,
ಬಿಳಿ ಹೋಗಿ ಎದುರಾಳಿಯ ಕಡೆ ಗೋಡೆ ಹಿಡಿದು ಕೂರಬೇಕು.
ಗುಂಪು ನಿನ್ನ ಗುಂಡಿಯತ್ತ ವಾಲಬೇಕು,
ಮುಹೂರ್ತದ ಹೊತ್ತಿಗೆ ನೆಂಟರು
ಊಟದ ಪಂಕ್ತಿಯತ್ತ ವಾಲುವ ಹಾಗೆ,
ಯಾರೂ ಎದ್ದದ್ದು ಕಾಣದೆ.

ಷಡಕ್ಷರಿ ಮಂಡಿಯ ದಲ್ಲಾಳಿ.
ದನದ ಸಂತೆಯ ಹಾಗೆ ಟವೆಲ್ಲಿನಡಿ ಕೈ ಕೊಡುತ್ತಾನೆ,
ಬೆರಳು ಹಿಡಿಯುತ್ತಾನೆ. ಎಷ್ಟು ನೂರೋ, ಎಷ್ಟು ಸಾವಿರವೋ,
ಮೂರನೆಯವನಿಗೆ ತಿಳಿಯದು.
ಷರತ್ತು ಮಾತ್ರ ಊರಿಗೆಲ್ಲ ಕೇಳುವಂತೆ:
'ಮೊದಲ್ನೇ ಹೊಡ್ತ ನಿಂದೇ, ಎಲ್ಲಾ ಆಟಕ್ಕೂ.
ನಂಗೆ ಎಂಟಾಗ್ಬೇಕು, ನಿಂಗೆ ಆರು ಸಾಕು.
ಗುಂಡಿ ಮಾತ್ರ ನನ್ನಿಷ್ಟ.'

ಎಂಥ ಧಾರಾಳಿ ಎಂದು ಜನ ಕೈ ನೀಡುತ್ತಾರೆ.
ಮಾತು ಕೇಳಿಸಿತು,
ಮಾತಿನೊಳಗಿನ ಗುಂಡಿ ಕಾಣಲಿಲ್ಲ.

ಗೂಡ್ಸು ಗಾಡಿಗಳು ಈ ಕಟ್ಟಡವನ್ನು
ಮೂವತ್ತು ವರ್ಷ ಅಲ್ಲಾಡಿಸಿವೆ.
ಹಳಿಯ ಕಡೆಯ ಮೂಲೆ ಒಂದು ಕೂದಲಷ್ಟು ತಗ್ಗು.
ನನಗೆ ಗೊತ್ತು. ಗೊತ್ತಿಲ್ಲದಂತೆ ಇರುವುದಕ್ಕೆ
ಶನಿವಾರ ಶನಿವಾರ ಐವತ್ತು ರೂಪಾಯಿ, ಆರು ಕಾಯಿ.
'ಯಾರು ಕೊಟ್ರು?' ಎಂದು ಹೆಂಡತಿ ಕೇಳುತ್ತಾಳೆ.
ಸಾರು ಚೆನ್ನಾಗಿದೆ ಎನ್ನುತ್ತೇನೆ.

ಆ ದಿನ ಬಂದವಳು ದೇವೀರಮ್ಮ, ಟ್ರ್ಯಾಕ್ ಗ್ಯಾಂಗಿನವಳು.
ಕಿತ್ತಳೆ ಅಂಗಿ, ಉಗುರಲ್ಲಿ ಗ್ರೀಸು.
ಇನ್‌ಸ್ಟಿಟ್ಯೂಟಿನ ಕಾಲದಲ್ಲಿ ಅವಳಪ್ಪ
ಇದೇ ಹಸಿರು ಬಟ್ಟೆಗೆ ಬ್ರಷ್ ಹಾಕುತ್ತಿದ್ದ.
ತಿರುವಿನಲ್ಲಿ ಹೊರಹಳಿ ಎಷ್ಟು ಎತ್ತರವೆಂದು
ಬಗ್ಗಿ, ಒಂದೇ ಕಣ್ಣಲ್ಲಿ ಹೇಳುವ ಹೆಂಗಸು.
ಮೇಜಿನ ಅಂಚಿಗೆ ಗಲ್ಲ ಊರಿದಳು.
ಆಮೇಲೆ ನನ್ನನ್ನು ನೋಡಿದಳು.
ನಾನು ಸೀಮೆಸುಣ್ಣ ಚೂಪು ಮಾಡುತ್ತಿದ್ದೆ.

'ಆರಿಸ್ಕೊಳಿ' ಅಂದಳು.
ಟವೆಲ್ಲಿನಡಿ ಕೈ ಹೋಯಿತು.
ಷಡಕ್ಷರಿಯ ಹುಬ್ಬು ಒಂದು ಬೆರಳು ಮೇಲೇರಿತು.

ಅವಳು ಹೊಡೆದದ್ದು ಹೊಡೆತವೇ ಅಲ್ಲ.
ಗುಂಪು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಅಲುಗಿತು, ಅಷ್ಟೆ.
ಬಿಳಿ ಗೋಡೆ ಮುಟ್ಟಿತು. ಅಲ್ಲಿಗೆ ನಿಲ್ಲಬೇಕಿತ್ತು.
ತಗ್ಗು ಕರೆಯಿತು.
ಇಷ್ಟು ವರ್ಷ ಷಡಕ್ಷರಿಗೆ ಚೆಂಡು ಹೊತ್ತು ತಂದ ತಗ್ಗೇ
ಬಿಳಿಯನ್ನೂ ಹೊತ್ತು ತಂದಿತು,
ಅವನದೇ ಗುಂಡಿಯ ತುಟಿಗೆ.
ಬೀಳಲಿಲ್ಲ. ಬಾಯಲ್ಲಿ ತುತ್ತಿಟ್ಟುಕೊಂಡು
ಏನೋ ನೆನಪಾದವರ ಹಾಗೆ ನಿಂತಿತು.
ಅಲ್ಲಿಂದ ಹೊಡೆಯಬೇಕಾದವ ಅವನು.
ಎರಡೂ ಕಡೆ ರಬ್ಬರ್ ದವಡೆ, ಕೋಲಾಡಿಸಲು ಜಾಗವಿಲ್ಲ,
ನೆಟ್ಟಗೆ ಕಾಣುವ ಚೆಂಡು ಒಂದೂ ಇಲ್ಲ.

'ಮೇಜು ವಾಲ್ಕೊಂಡದೆ' ಅಂದ ಷಡಕ್ಷರಿ.
ಅಂದ ಮೇಲೆ ಗೊತ್ತಾಯಿತು ಅವನಿಗೆ, ಏನಂದೆ ಅಂತ.
ಬೆಂಚಿನ ಮೇಲಿದ್ದ ಹಳೇ ಗಿರಾಕಿಗಳು
ಒಬ್ಬೊಬ್ಬರೇ ಅವನತ್ತ ತಿರುಗಿದರು.
ದೇವೀರಮ್ಮ ನಗಲಿಲ್ಲ. ಕೋಲಿನ ತುದಿಗೆ ನೀಲಿ ಹಚ್ಚಿದಳು,
ಬಹಳ ಹೊತ್ತು ಹಚ್ಚಿದಳು.

ಹಲಗೆಯಲ್ಲಿ ನಾನು ಬರೆದದ್ದು ಆರು, ಎರಡು.
ದುಡ್ಡೆಷ್ಟೋ ಟವೆಲ್ಲಿಗೇ ಗೊತ್ತು.

ಮುಂದಿನ ಶನಿವಾರ ಕಾಯಿ ಬರಲಿಲ್ಲ.
ಮೇಜಿನ ಕಾಲಡಿ ಏನಾದರೂ ಕೊಟ್ಟು ಮಟ್ಟ ಮಾಡು ಎಂದು
ಹೇಳಿ ಕಳಿಸಿದ್ದ.
ಹಳೇ ರಟ್ಟಿನ ಟಿಕೆಟ್ಟೊಂದನ್ನು ಕೊಟ್ಟಿದ್ದೇನೆ.
ಯಾವ ಕಾಲಿಗೆ ಎಂದು
ಅವನು ಕೇಳಿಲ್ಲ.